1.6 ಟಿಬಿ ಫೋಟೋ ಕಾಪಿ ಮಾಡೂದು ಹೆಂಗೆ? ಕರೆಂಟ್ ಹೋದ್ರೆ ಮತ್ತೆ ಮೊದ್ಲಿಂದ ಶುರು

ಸ್ಟುಡಿಯೋ_ಹುಡ್ಗ, ಶಿರಸಿ

ನಮಸ್ಕಾರ ಎಲ್ರಿಗೂ. ನಾನು ಶಿರಸಿಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಆಲ್ಬಮ್ ಡಿಸೈನ್ ಮಾಡ್ತೀನಿ, ಫೋಟೋಶಾಪ್ ಬಿಟ್ರೆ ಕಂಪ್ಯೂಟರ್ ಬಗ್ಗೆ ಹೆಚ್ಚಿಗೆ ಎಂತ ಗೊತ್ತಿಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ನಮ್ಮಲ್ಲಿ 2 ಟಿಬಿ ಹಳೇ ಹಾರ್ಡ್ ಡಿಸ್ಕ್ ಒಂದಿದೆ, ಅದ್ರಲ್ಲಿ 1.6 ಟಿಬಿ ತುಂಬೋಗಿದೆ. 2018, 2020, 2022, 2024 ಹೀಗೆ ನಾಲ್ಕು ಮಾರಿಕಾಂಬಾ ಜಾತ್ರೆ ಫೋಟೋ, ಮದ್ವೆ, ಉಪನಯನ, ರಾತ್ರಿಯಿಡೀ ಶೂಟ್ ಮಾಡಿದ ಯಕ್ಷಗಾನದ ವೀಡಿಯೋ, ಎಲ್ಲಾ ಸೇರಿ 1 ಲಕ್ಷ 80 ಸಾವಿರ ಫೈಲ್ ಅಂತ ಪ್ರಾಪರ್ಟೀಸ್‌ನಲ್ಲಿ ತೋರಿಸ್ತದೆ. ಯಜಮಾನ್ರು ಹೊಸಾ 4 ಟಿಬಿ ಡಿಸ್ಕ್ ತಂದು "ಎಲ್ಲಾ ಇದ್ಕೆ ಹಾಕು" ಅಂದು ಹೋಗ್ಬಿಟ್ರು.

ಮೂರು ದಿನ ಆಯ್ತು. ಕಂಟ್ರೋಲ್ ಸಿ, ಕಂಟ್ರೋಲ್ ವಿ ಹೊಡೆದ್ರೆ ಮೊದ್ಲು ಅರ್ಧ ಗಂಟೆ ಬರೀ ಲೆಕ್ಕ ಹಾಕ್ತಾ ಕೂರ್ತದೆ, ಆಮೇಲೆ 6 ಗಂಟೆ ಅಂತದೆ, ಚಾ ಕುಡ್ದು ಬಂದ್ರೆ 2 ದಿನ ಅಂತದೆ. ಈ ಮಳೆಲಿ ಕರೆಂಟ್ ಕಥೆ ನಿಮ್ಗೆ ಗೊತ್ತಲ್ಲ, ಯುಪಿಎಸ್ ಹತ್ತು ನಿಮಿಷ ಬಂದ್ರೆ ಪುಣ್ಯ, ಅಷ್ಟ್ರಲ್ಲಿ ಎಲ್ಲಾ ಆಫ್. ಮತ್ತೆ ಹಚ್ಚಿದ್ರೆ ರಿಪ್ಲೇಸ್ ಮಾಡ್ಲಾ ಸ್ಕಿಪ್ ಮಾಡ್ಲಾ ಕೇಳ್ತದೆ. ರಿಪ್ಲೇಸ್ ಅಂದ್ರೆ ಮೊದ್ಲಿಂದ, ಸ್ಕಿಪ್ ಅಂದ್ರೆ ಅರ್ಧಂಬರ್ಧ ಬಂದ ಫೈಲ್ ಹಂಗೇ ಉಳೀತದೆ, ನಿನ್ನೆ ಒಂದು ರಥದ ವೀಡಿಯೋ ಅರ್ಧಕ್ಕೇ ನಿಂತೋಯ್ತು. ಯಾರೋ ಸ್ಕ್ರಿಪ್ಟ್ ಬರ್ದು ಮಾಡ್ಬೇಕು ಅಂದ್ರು. ನನ್ಗೆ ಸ್ಕ್ರಿಪ್ಟ್ ಅಂದ್ರೆ ನಾಟಕದ್ದು ಮಾತ್ರ ಗೊತ್ತು. ವಿಂಡೋಸ್ 10 ಇದೆ. ದಯವಿಟ್ಟು ಚಿಕ್ಕ ಮಕ್ಕಳಿಗೆ ಹೇಳ್ದಂಗೆ ಹೇಳಿ.

ಕಾಳಿ_ದಂಡೆ, ಕಾರವಾರ

ಹೆದರ್ಬೇಡಿ, ಹೊಸ ಸಾಫ್ಟ್‌ವೇರ್ ಎಂತದೂ ಬೇಡ. ವಿಂಡೋಸ್ ವಿಸ್ಟಾ ಕಾಲ್ದಿಂದ ಒಳಗೇ ಒಂದು ಕಮಾಂಡ್ ಇದೆ, ರೋಬೋಕಾಪಿ ಅಂತ. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಹೊಡೆದ್ರೆ ಕಪ್ಪು ಪರದೆ ಬರ್ತದಲ್ಲ, ಅಲ್ಲಿ ಟೈಪ್ ಮಾಡೂದು. ಇಲ್ಲಿ ನಾನು ಕನ್ನಡದಲ್ಲಿ ಬರೀತೀನಿ, ನೀವು ಅಲ್ಲಿ ಇಂಗ್ಲಿಷ್ ಅಕ್ಷರ ಹೊಡೀರಿ, ರೋಬೋಕಾಪಿ ಒಂದೇ ಪದ, ಮಧ್ಯ ಜಾಗ ಬಿಡೂದಿಲ್ಲ. ಹಳೇ ಡಿಸ್ಕ್ ಎಫ್, ಹೊಸ್ತು ಜಿ ಅಂತ ಇಟ್ಕೊಳ್ಳಿ, ನಿಮ್ಮಲ್ಲಿ ಬೇರೆ ಅಕ್ಷರ ಇರ್ಬಹುದು, ನೋಡ್ಕೊಂಡು ಹಾಕಿ.

ರೋಬೋಕಾಪಿ ಎಫ್:\ ಜಿ:\ಸ್ಟುಡಿಯೋ /ಇ /ಆರ್:2 /ಡಬ್ಲ್ಯೂ:5 /ಎನ್‌ಪಿ /ಯುನಿಲಾಗ್+:ಡಿ:\ಕಾಪಿ.ಟಿಎಕ್ಸ್‌ಟಿ /ಟೀ

ಮೊದ್ಲು ಬರೂದು ಎಲ್ಲಿಂದ, ಆಮೇಲೆ ಬರೂದು ಎಲ್ಲಿಗೆ. ಇದನ್ನ ಅದ್ಲುಬದ್ಲು ಮಾಡ್ಬೇಡಿ, ಬೇಕಾದ್ರೆ ಎರಡೂ ಡಿಸ್ಕಿಗೆ ಮಾರ್ಕರ್‌ನಿಂದ ಬರ್ದು ಅಂಟ್ಸಿ. /ಇ ಅಂದ್ರೆ ಒಳಗಿನ ಫೋಲ್ಡರ್ ಎಲ್ಲಾ, ಖಾಲಿ ಇದ್ರೂ ಬರ್ಲಿ ಅಂತ. /ಎನ್‌ಪಿ ಅಂದ್ರೆ ಶೇಕಡಾ ಲೆಕ್ಕ ತೋರ್ಸಬೇಡ ಅಂತ, ಇಲ್ದಿದ್ರೆ ಲಾಗ್ ಫೈಲ್ (ಎಂತೆಂತ ಆಯ್ತು ಅಂತ ಬರ್ದಿಡೂ ಫೈಲ್) ತುಂಬಾ ಅದೇ. ಯುನಿಲಾಗ್ ಯಾಕಂದ್ರೆ ನಿಮ್ ಫೋಲ್ಡರ್ ಹೆಸ್ರು ಕನ್ನಡದಲ್ಲಿರ್ತದೆ, ಸಾದಾ ಲಾಗ್‌ನಲ್ಲಿ ಅದು ಪ್ರಶ್ನೆ ಚಿಹ್ನೆ ಆಗ್ಬಿಡ್ತದೆ. ಟೀ ಅಂದ್ರೆ ಚಾ ಅಲ್ಲ, ಟಿ ಇ ಇ, ಲಾಗ್‌ಗೂ ಬರೀಲಿ ಪರದೆ ಮೇಲೂ ತೋರ್ಸಲಿ ಅಂತ. ಪರದೆ ಮೇಲೆ ಕನ್ನಡ ಚೌಕ ಚೌಕ ಕಾಣ್ತದೆ, ಅದು ಫಾಂಟ್ ತೊಂದ್ರೆ, ಫೈಲಿಗೆ ಎಂತ ಆಗೂದಿಲ್ಲ.

ಆರ್ ಮತ್ತೆ ಡಬ್ಲ್ಯೂ ಮಾತ್ರ ಮರೀಬೇಡಿ. ಒಂದು ಫೈಲ್ ಓದ್ಲಿಕ್ಕೆ ಆಗ್ದೇ ಹೋದ್ರೆ ರೋಬೋಕಾಪಿ ಮತ್ತೆ ಮತ್ತೆ ಪ್ರಯತ್ನ ಮಾಡ್ತದೆ, ನಾವು ಎಂತ ಹೇಳ್ದಿದ್ರೆ 10 ಲಕ್ಷ ಸಲ, ಪ್ರತಿ ಸಲದ ಮಧ್ಯ 30 ಸೆಕೆಂಡ್ ಕಾಯ್ತದೆ. ಲೆಕ್ಕ ಹಾಕಿ ನೋಡಿ, 347 ದಿನ, ಒಂದೇ ಒಂದು ಹಾಳಾದ ಫೋಟೋಕ್ಕೆ! ನಿಮ್ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಅಂತ ಮೂರು ಫೈಲ್ ಇದ್ರೆ ಮುಂದಿನ ಜಾತ್ರೆ ಮುಗ್ದಿರ್ತದೆ. ಆರ್ 2, ಡಬ್ಲ್ಯೂ 5 ಅಂದ್ರೆ ಎರಡು ಸಲ ನೋಡು, ಐದೈದು ಸೆಕೆಂಡ್ ಕಾಯಿ, ಆಗ್ಲಿಲ್ವಾ ಲಾಗ್‌ನಲ್ಲಿ ಬರ್ದು ಮುಂದೆ ಹೋಗು.

ಈಗ ಕರೆಂಟ್ ವಿಷ್ಯ. ಕರೆಂಟ್ ಹೋಯ್ತಾ, ಹೋಗ್ಲಿ. ಬಂದ್ಮೇಲೆ ಕಪ್ಪು ಪರದೆ ತೆಗ್ದು ಅದೇ ಕಮಾಂಡ್ ಮತ್ತೆ ಹೊಡೀರಿ, ಒಂದಕ್ಷರ ಬದಲಾಯ್ಸೂದು ಬೇಡ. ಅದು ಎರಡೂ ಕಡೆ ಫೈಲಿನ ಗಾತ್ರ, ಮತ್ತೆ ಕೊನೇ ಸಲ ಬದಲಾದ ತಾರೀಕು ಟೈಮು ನೋಡ್ತದೆ, ಎರಡೂ ಹೊಂದಿದ್ರೆ ಬಿಡ್ತದೆ, ಯಾವ್ದೊಂದು ಬೇರೆ ಇದ್ರೂ ಆ ಫೈಲ್ ಪೂರ್ತಿ ಹೊಸದಾಗಿ ತರ್ತದೆ. ಅರ್ಧ ಬಂದ ರಥದ ವೀಡಿಯೋನೂ ಸರಿಯಾಗ್ತದೆ. ಆದ್ರೂ ಇಷ್ಟು ದಿನ ಪೇಸ್ಟ್ ಮಾಡಿದ್ದನ್ನ ನಂಬ್ಕೊಂಡು ಕೂರ್ಬೇಡಿ, ಹೊಸ ಫೋಲ್ಡರಿಗೇ ಶುರು ಮಾಡಿ.

ದೇವಿಮನೆ_ಘಟ್ಟ, ಕುಮಟಾ

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಒಂದು ಹೇಳ್ದೇ ಬಿಟ್ರು. ನೆಟ್‌ನಲ್ಲಿ ರೋಬೋಕಾಪಿ ಅಂತ ಹುಡ್ಕಿದ್ರೆ ಹತ್ತರಲ್ಲಿ ಎಂಟು ಕಡೆ /ಎಂಐಆರ್ ಹಾಕಿ ಅಂತ ಇರ್ತದೆ, ಮಿರರ್ ಅಂತ. ದಯಮಾಡಿ ಮುಟ್ಬೇಡಿ. ಅದು ಕಾಪಿ ಮಾಡೂದು ಮಾತ್ರ ಅಲ್ಲ, "ಎಲ್ಲಿಂದ"ದಲ್ಲಿ ಇಲ್ದಿದ್ದು "ಎಲ್ಲಿಗೆ"ಯಲ್ಲಿ ಇದ್ರೆ ಅಳಿಸ್ತದೆ, ಕೇಳೂದಿಲ್ಲ, ರೀಸೈಕಲ್ ಬಿನ್‌ಗೂ ಹಾಕೂದಿಲ್ಲ.

ನಾನು ಹೇಳೂದು ಅನುಭವದಿಂದ. ಎರಡು ವರ್ಷದ ಹಿಂದೆ ಮನೆ ಫೋಟೋ ಬ್ಯಾಕಪ್ ಮಾಡೂದು ಅಂತ ಹೊರಟೆ, ಯುಎಸ್‌ಬಿ ಕಿತ್ತು ಬೇರೆ ಪೋರ್ಟಿಗೆ ಚುಚ್ಚಿದಾಗ ಡ್ರೈವ್ ಅಕ್ಷರ ಬದಲಾಗಿತ್ತು, ನೋಡ್ಲಿಲ್ಲ. ಖಾಲಿ ಡಿಸ್ಕಿನ ಕನ್ನಡಿ ತುಂಬಿದ ಡಿಸ್ಕಿಗೆ ಹಿಡ್ದ ಹಾಗಾಯ್ತು. ಕಪ್ಪು ಪರದೆಲಿ ಸಾಲು ಸಾಲಾಗಿ ಹೋಗೂದು ನೋಡಿ "ಆಹಾ ಎಂತಾ ಸ್ಪೀಡು" ಅಂದ್ಕೊಂಡೆ ಮಾರಾಯ್ರೆ, ಅದು ಅಳಿಸೂ ಸ್ಪೀಡು! ಮಗಳ ಮೊದಲ್ನೇ ಹುಟ್ಟಿದಬ್ಬದ ಫೋಟೋ ಹೆಂಡತಿ ತಂಗಿ ಮೊಬೈಲಲ್ಲಿ ಆರು ಸಿಕ್ಕಿತು, ಅಷ್ಟೇ.

ಹಾಗಾಗಿ ಮೊದಲ ಸಲ ಕಮಾಂಡಿನ ಕೊನೆಗೆ /ಎಲ್ ಸೇರ್ಸಿ ಹೊಡೀರಿ. ಎಲ್ ಅಂದ್ರೆ ಬರೀ ಪಟ್ಟಿ, ಎಂತ ಮಾಡ್ತೇನೆ ಅಂತ ಹೇಳ್ತದೆ, ಮಾಡೂದಿಲ್ಲ. ಕೊನೇಲಿ ಬರೂ ಕೋಷ್ಟಕದಲ್ಲಿ ಎಕ್ಸ್‌ಟ್ರಾಸ್ ಅಂತ ಕಾಲಮ್ ಇದೆ. ಹೊಸಾ ಫೋಲ್ಡರಿಗೆ ಹಾಕುವಾಗ ಅಲ್ಲಿ ಸೊನ್ನೆ ಇರ್ಬೇಕು. ಸಾವಿರಗಟ್ಲೆ ಎಕ್ಸ್‌ಟ್ರಾಸ್ ಕಂಡ್ರೆ ಎಲ್ಲಿಂದ ಎಲ್ಲಿಗೆ ಉಲ್ಟಾ ಆಗಿದೆ ಅಂತ ಲೆಕ್ಕ, ಅಲ್ಲೇ ನಿಲ್ಸಿ.

ಸ್ಟುಡಿಯೋ_ಹುಡ್ಗ, ಶಿರಸಿ

ಅಯ್ಯೋ ಓದಿ ಕೈ ನಡುಗ್ತು. ಎಲ್ ಹಾಕಿ ನೋಡ್ದೆ, ಎಕ್ಸ್‌ಟ್ರಾಸ್ 0 ಬಂತು, ಆದ್ರೆ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅಂತ ಎಂತದೋ ಫೋಲ್ಡರಿಗೆ ಆಕ್ಸೆಸ್ ಡಿನೈಡ್ ಅಂತದೆ. ಮತ್ತೆ ಎಷ್ಟೊತ್ತು ಹಿಡೀತದೆ ಅಂದಾಜು ಹೇಳಿ, ರಾತ್ರಿ ಬಿಟ್ಟು ಹೋಗ್ಲಾ?

ತೋಟದ_ಬದಿ, ಸಿದ್ದಾಪುರ

ತಮಾ, ಆ ಫೋಲ್ಡರ್ ವಿಂಡೋಸಿಂದು, ನಿಂಗೆ ಬೇಡ. ಕಮಾಂಡಿಗೆ /ಎಕ್ಸ್‌ಡಿ (ಈ ಫೋಲ್ಡರ್ ಬಿಡು ಹೇಳಿ ಅರ್ಥ) ಹಾಕಿ ಅದ್ರ ಹೆಸ್ರು ಬರೆ, ಹೆಸ್ರಲ್ಲಿ ಜಾಗ ಇದ್ದು ಅದ್ಕೆ ಡಬಲ್ ಕೋಟ್ ಒಳ್ಗೆ ಹಾಕವು. ಆದ್ರೆ ಡ್ರೈವಿಗೆ, ಅಂದ್ರೆ ಎಫ್:\ ಹೇಳದಕ್ಕೆ ಕೋಟ್ ಹಾಕಡ. ಕೊನೇಲಿ ಓರೆಗೀಟು ಬಂದು ಅದ್ರ ಬೆನ್ನಿಗೇ ಕೋಟ್ ಬಂದ್ರೆ ರೋಬೋಕಾಪಿ ಆ ಕೋಟ್ ಮುಗ್ದಿದ್ದೇ ಇಲ್ಲೆ ಹೇಳಿ ತಿಳ್ಕತ್ತು, ಮುಂದಿಂದೆಲ್ಲ ಫೋಲ್ಡರ್ ಹೆಸ್ರು ಹೇಳಿ ಓದ್ತು. ಆನು ಒಂದು ಮಧ್ಯಾಹ್ನ ಪೂರ್ತಿ ಇದ್ರ ಮೇಲೆ ಕಳದ್ದಿ.

ಹೊತ್ತು ಎಷ್ಟು ಹೇಳಿ ಕೇಳಿದ್ರೆ, ಕೇಬಲ್ ಎಲ್ಲಿ ಚುಚ್ಚಿದ್ದೆ ನೋಡು. ಕಪ್ಪು ಬಣ್ಣದ ಹಳೇ ಯುಎಸ್‌ಬಿ 2 ಆದ್ರೆ ಸೆಕೆಂಡಿಗೆ 30 ಎಂಬಿ ಸಿಕ್ಕಿರೆ ಹೆಚ್ಚು, 1.6 ಟಿಬಿಗೆ 15 ತಾಸು ಹತ್ರ ಆಗ್ತು. ಹಿಂದ್ಗಡೆ ನೀಲಿ ಬಣ್ಣದ್ದು ಇದ್ರೆ ಎರಡೂ ಡಿಸ್ಕ್ ಅಲ್ಲೇ ಹಾಕು, 100 ಎಂಬಿ ಸಿಕ್ಕಿರೆ ನಾಲ್ಕೂವರೆ ತಾಸು. ಸಣ್ಣ ಫೋಟೋ ಬಪ್ಪಕಾರೆ ನಿಧಾನ ಆಗ್ತು, ವೀಡಿಯೋ ಬಂದಾಗ ಓಡ್ತು. ಯಾರಾರೂ /ಎಂಟಿ ಹಾಕು, ಒಂದೇ ಸಲ ಎಂಟು ಫೈಲ್ ಎಳೀತು ಹೇಳಿರೆ ಕೇಳಡ. ನಿಂದು ತಿರುಗೋ ಡಿಸ್ಕು, ಒಳಗಿನ ಮುಳ್ಳು ಒಂದೇ ಕಡೆ ಇಪ್ಪಲೆ ಸಾಧ್ಯ, ಎಂಟು ಕಡೆ ಓಡಾಡ್ಸಿರೆ ಸುಸ್ತಾಗ್ತು ಅಷ್ಟೇಯ.

ಇನ್ನೊಂದು, ಹಳೇ ಡಿಸ್ಕ್ ಟಕ್ ಟಕ್ ಸದ್ದು ಮಾಡ್ತಾ ಕೇಳು. ಮಾಡ್ತಿದ್ರೆ ಇದ್ಯಾವ್ದೂ ಬೇಡ, ಕೇಬಲ್ ಕಿತ್ತಿಡು, ಡೇಟಾ ರಿಕವರಿ ಮಾಡವ್ರ ಹತ್ರ ತಗಂಡು ಹೋಗು.

ಮರಳು_ದಿಬ್ಬ, ಕಾರವಾರ

ವಿಂಡೋಸ್ ಬದ್ಲು ಲಿನಕ್ಸ್ ಇರೋರಿಗೆ ಆರ್‌ಸಿಂಕ್ ಅನ್ನೂ ಕಮಾಂಡ್ ಇದೆ, 1996ರಿಂದ ಇರೂದು, ಅದೂ ಹಿಂಗೇ ನಿಂತಲ್ಲಿಂದ ಮುಂದುವರೀತದೆ. ಆರ್‌ಸಿಂಕ್ -ಎವಿ ಹಾಕಿ ಎಲ್ಲಿಂದ ಎಲ್ಲಿಗೆ ಅಂತ ಕೊಟ್ರೆ ಆಯ್ತು, ಪರೀಕ್ಷೆಗೆ -ಎನ್. ಒಂದೇ ತಲೆನೋವು, "ಎಲ್ಲಿಂದ" ಫೋಲ್ಡರ್ ಹೆಸ್ರಿನ ಕೊನೆಗೆ ಗೀಟು ಹಾಕಿದ್ರೆ ಒಳಗಿನ ಸಾಮಾನು ಮಾತ್ರ ಹೋಗ್ತದೆ, ಹಾಕ್ದಿದ್ರೆ ಫೋಲ್ಡರ್ ಸಮೇತ. ಟೈಪ್ ಮಾಡೂದೇ ಬೇಡ ಅನ್ನೋರು ವಿಂಡೋಸ್‌ಗೆ ಟೆರಾಕಾಪಿ ಅನ್ನೂ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಬಟನ್ ಒತ್ತಿದ್ರೆ ಆಯ್ತು.

ಸ್ಟುಡಿಯೋ_ಹುಡ್ಗ, ಶಿರಸಿ

ಯಾರಾದ್ರೂ ಇದೀರಾ, ಅರ್ಜೆಂಟ್!! ನಿನ್ನೆ ಸಂಜೆ ನೀಲಿ ಪೋರ್ಟಿಗೆ ಹಾಕಿ ಶುರು ಮಾಡ್ದೆ, ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತಂತೆ, ಬೆಳಿಗ್ಗೆ ಬಂದು ಅದೇ ಕಮಾಂಡ್ ಮತ್ತೆ ಹೊಡ್ದೆ, ಮಧ್ಯಾಹ್ನಕ್ಕೆ ಮುಗೀತು, ಫೇಲ್ಡ್ ಕಾಲಮ್‌ನಲ್ಲಿ 2 ಮಾತ್ರ. ಖುಷಿಲಿ ಜಿ ಡ್ರೈವ್ ತೆಗ್ದು ನೋಡಿದ್ರೆ ಖಾಲಿ! ಸ್ಟುಡಿಯೋ ಫೋಲ್ಡರೇ ಇಲ್ಲ. ಆದ್ರೆ ಡ್ರೈವ್ ಮೇಲೆ 1.6 ಟಿಬಿ ತುಂಬಿದೆ ಅಂತ ನೀಲಿ ಪಟ್ಟಿ ತೋರಿಸ್ತಾ ಇದೆ. ಯಜಮಾನ್ರು ಪಕ್ಕದಲ್ಲೇ ನಿಂತಿದಾರೆ.

ಕಾಳಿ_ದಂಡೆ, ಕಾರವಾರ

ನನ್ ತಪ್ಪು, ಕ್ಷಮ್ಸಿ, ಹೇಳ್ಬೇಕಿತ್ತು. ಫೋಲ್ಡರ್ ಅಲ್ಲೇ ಇದೆ, ಅಡಗಿ ಕೂತಿದೆ. ನೀವು ಡ್ರೈವಿನ ಬುಡದಿಂದ್ಲೇ, ಎಫ್:\ ಇಂದ್ಲೇ ಕಾಪಿ ಮಾಡಿದ್ರಿ. ಡ್ರೈವಿನ ಬುಡಕ್ಕೆ ವಿಂಡೋಸ್ ಹಿಡನ್, ಸಿಸ್ಟಮ್ ಅಂತ ಎರಡು ಗುರುತು ಹಾಕಿರ್ತದೆ, ರೋಬೋಕಾಪಿ ನಿಯತ್ತಿನ ಆಳು, ಆ ಗುರುತನ್ನೂ ಹೊತ್ಕೊಂಡು ಬಂದು ಹೊಸಾ ಫೋಲ್ಡರಿಗೆ ಅಂಟಿಸ್ತು. ಹೀಗೆ ಹೊಡೀರಿ:

ಅಟ್ರಿಬ್ -ಎಸ್ -ಎಚ್ ಜಿ:\ಸ್ಟುಡಿಯೋ

ಎಸ್ ಎಚ್ ಎರಡೂ ಒಟ್ಟಿಗೇ ಹಾಕ್ಬೇಕು, ಬರೀ ಎಚ್ ಹಾಕಿದ್ರೆ ಸಿಸ್ಟಮ್ ಫೈಲ್ ಮುಟ್ಟೂದಿಲ್ಲ ಅಂತ ಹಟ ಮಾಡ್ತದೆ. ಮುಂದಿನ ಸಲದಿಂದ ಕಮಾಂಡ್‌ನಲ್ಲೇ /ಎ-:ಎಸ್‌ಎಚ್ ಸೇರ್ಸಿಬಿಡಿ.

ಸ್ಟುಡಿಯೋ_ಹುಡ್ಗ, ಶಿರಸಿ

ಬಂತು!!! ಎಲ್ಲಾ ಇದೆ. ಯಜಮಾನ್ರ ಮುಖ ನೋಡ್ಬೇಕಿತ್ತು. ರಥದ ವೀಡಿಯೋ ಕೊನೇತನಕ ಓಡ್ತು, ಒಂದೊಂದು ವರ್ಷದ್ದು ಇಪ್ಪತ್ತಿಪ್ಪತ್ತು ಫೋಟೋ ತೆಗ್ದು ನೋಡ್ದೆ, ಸರಿ ಇದೆ. ಅನುಮಾನಕ್ಕೆ ಅದೇ ಕಮಾಂಡ್ ಇನ್ನೊಮ್ಮೆ ಹೊಡ್ದೆ, ಕೆಲವೇ ನಿಮಿಷದಲ್ಲಿ ಮುಗೀತು, ಎಲ್ಲಾ ಸ್ಕಿಪ್ಡ್, ಫೇಲ್ಡ್ ಅದೇ 2. ಲಾಗ್ ತೆಗ್ದು ನೋಡಿದ್ರೆ ಎರಡೂ ಒಂದೇ ಉಪನಯನದ ಫೋಟೋ, ಅದ್ರ ಕಾಪಿ ಪಾರ್ಟಿಯವ್ರ ಪೆನ್ ಡ್ರೈವ್‌ನಲ್ಲಿ ಇದೆ.

ಈಗ ಈ ಸಾಲನ್ನ ನೋಟ್‌ಪ್ಯಾಡ್‌ನಲ್ಲಿ ಬರ್ದು ಡಬಲ್ ಕ್ಲಿಕ್ ಮಾಡೂ ಹಾಗೆ ಮಾಡ್ಬಹುದಾ? ಒಂದು "ಬೇಡದ್ದು" ಅನ್ನೂ ಫೋಲ್ಡರ್ ಬಿಡ್ಬೇಕು, ಹೆಸ್ರು ಕನ್ನಡದಲ್ಲೇ ಇದೆ.

ದೇವಿಮನೆ_ಘಟ್ಟ, ಕುಮಟಾ

ಆಗ್ತದೆ, ಅದೇ ಸ್ಕ್ರಿಪ್ಟ್, ಬೇರೆ ಎಂತ ಅಲ್ಲ. ಮೊದಲ್ನೇ ಸಾಲು ಸಿಎಚ್‌ಸಿಪಿ 65001, ಇದು ಇದ್ರೆ ಕನ್ನಡ ಹೆಸ್ರು ಅದ್ಕೆ ಅರ್ಥ ಆಗ್ತದೆ. ಎರಡ್ನೇ ಸಾಲು ನಿಮ್ ಕಮಾಂಡ್, /ಎಕ್ಸ್‌ಡಿ ಪಟ್ಟಿಗೆ ಬೇಡದ್ದು ಅಂತ ಸೇರ್ಸಿ. ಮೂರ್ನೇದು ಹೀಗೆ:

ಇಫ್ ಎರರ್‌ಲೆವೆಲ್ 8 ಎಕೋ ಯಾವ್ದೋ ಫೈಲ್ ಬಂದಿಲ್ಲ, ಲಾಗ್ ನೋಡಿ

8 ಯಾಕಂದ್ರೆ ರೋಬೋಕಾಪಿ ಮುಗ್ದಾಗ ಒಂದು ನಂಬರ್ ಕೊಡ್ತದೆ, 1 ಬಂದ್ರೆ ಕಾಪಿ ಆಯ್ತು ಅಂತ, ಎರರ್ ಅಲ್ಲ, 8 ಅಥ್ವಾ ಮೇಲೆ ಬಂದ್ರೆ ಮಾತ್ರ ಕೆಟ್ಟಿದೆ. ಕೊನೇ ಸಾಲು ಪಾಝ್ (ಪಿ ಎ ಯು ಎಸ್ ಇ), ಇಲ್ದಿದ್ರೆ ಕಿಟಕಿ ಪಟ್ಟಂತ ಮುಚ್ಚೋಗ್ತದೆ. ಸೇವ್ ಮಾಡುವಾಗ ಹೆಸ್ರಿನ ಕೊನೆಗೆ .ಬ್ಯಾಟ್, ಎನ್‌ಕೋಡಿಂಗ್ ಯುಟಿಎಫ್-8. ಮತ್ತೆ ಫೈಲಿಗೆ ರೋಬೋಕಾಪಿ ಅಂತಲೇ ಹೆಸ್ರಿಡ್ಬೇಡಿ, ತನ್ನನ್ನೇ ತಾನು ಕರ್ಕೊಂಡು ಸುತ್ತಾ ಕೂರ್ತದೆ.

ಹಳೇ ಡಿಸ್ಕ್ ಖಾಲಿ ಮಾಡ್ಬೇಡಿ ಈಗ್ಲೇ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿ ಆಡದ ಡಬ್ಬಿಲಿ ಇಟ್ಟು ಯಜಮಾನ್ರ ಮನೆಗೆ ಕಳ್ಸಿ, ಎರಡೂ ಡಿಸ್ಕ್ ಒಂದೇ ಕಪಾಟಲ್ಲಿ ಬೇಡ.

ಸ್ಟುಡಿಯೋ_ಹುಡ್ಗ, ಶಿರಸಿ

ಬ್ಯಾಟ್ ಫೈಲ್ ಆಯ್ತು, "ಜಾತ್ರೆಕಾಪಿ" ಅಂತ ಹೆಸ್ರಿಟ್ಟೆ, ಡಬಲ್ ಕ್ಲಿಕ್ ಮಾಡಿದ್ರೆ ಓಡ್ತದೆ. ಯಜಮಾನ್ರಿಗೆ ತೋರ್ಸಿದ್ದೇ ತಪ್ಪಾಯ್ತು. ಒಳಗೆ ಹೋಗಿ ಇನ್ನೂ ಮೂರು ಹಾರ್ಡ್ ಡಿಸ್ಕ್ ತಂದು ಮೇಜಿನ ಮೇಲಿಟ್ರು, ಒಂದ್ರದ್ದು ಕೇಬಲ್ಲೇ ಇಲ್ಲ.