ತಾವಾಗೇ ಹೋದವರು ಮಾನವ ಕಳ್ಳಸಾಗಣೆಗೆ ಸಿಕ್ಕಿದವರು ಹೇಗಾಗುತ್ತಾರೆ?

ಪ್ರಶ್ನೆ:
ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳ ಬಗ್ಗೆ ಓದುತ್ತಿದ್ದೆ. ಅಲ್ಲಿ ಸಿಕ್ಕಿಬಿದ್ದ ತುಂಬಾ ಜನ ಕೆಲಸದ ಜಾಹೀರಾತು ನೋಡಿ ತಾವೇ ವಿಮಾನ ಹತ್ತಿದವರು, ಯಾರೂ ಎಳೆದುಕೊಂಡು ಹೋಗಿಲ್ಲ. ಮೇಲಾಗಿ ಅವರೇ ಕೂತು ಬೇರೆಯವರ ದುಡ್ಡು ಹೊಡೆದಿದ್ದಾರೆ. ಮತ್ತೆ ಇದು ಮಾನವ ಕಳ್ಳಸಾಗಣೆ ಹೇಗೆ?

ಉತ್ತರ 1:
ದುಡ್ಡು ತೆಗೆದುಕೊಂಡು ಕದ್ದು ಗಡಿ ದಾಟಿಸಿದರೆ ಅದು ವಲಸಿಗರ ಅಕ್ರಮ ಸಾಗಣೆ. ಆಚೆ ಇಳಿಸಿದ ಮೇಲೆ ಏಜೆಂಟನ ಸಹವಾಸ ಸಾಮಾನ್ಯವಾಗಿ ಮುಗಿಯುತ್ತದೆ. ಮಾನವ ಕಳ್ಳಸಾಗಣೆಯಲ್ಲಿ ಇಳಿದ ಮೇಲೆಯೇ ದುಡಿಸಿಕೊಳ್ಳುವುದು ಶುರು. 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪಲೆರ್ಮೊ ಒಪ್ಪಂದದ ಪ್ರಕಾರ, ಮೋಸ, ಬೆದರಿಕೆ ಅಥವಾ ಬಲವಂತ ಇದ್ದರೆ ಆ ಮನುಷ್ಯ ಮೊದಲು ಒಪ್ಪಿದ್ದ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 18 ವರ್ಷದೊಳಗಿನವರಾದರೆ ಮೋಸ ಆಗಿತ್ತು ಅಂತ ತೋರಿಸುವುದೂ ಬೇಕಿಲ್ಲ.

ಉತ್ತರ 2:
ಅಲ್ಲಿ ನಡೆಯುವುದನ್ನು ಸ್ವಲ್ಪ ನೋಡಿ. ಬ್ಯಾಂಕಾಕ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸುತ್ತಾರೆ, ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಮೇ ಸೊಟ್ ಊರಿಗೆ ಒಯ್ಯುತ್ತಾರೆ, ಅಲ್ಲಿ ಮೊಯಿ ನದಿ ದಾಟಿಸಿದರೆ ಮ್ಯಾನ್ಮಾರ್, ಅಷ್ಟರಲ್ಲಿ ಪಾಸ್‌ಪೋರ್ಟ್ ಅವರ ಕೈಸೇರಿರುತ್ತದೆ. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಟ್ಟುಬಿಡಿ ಅಂದರೆ ನಿನ್ನ ಮೇಲೆ ಹಾಕಿದ ದುಡ್ಡು ಕಟ್ಟು ಅನ್ನುತ್ತಾರೆ. ಕಟ್ಟಲಾಗದವರನ್ನು ಇನ್ನೊಂದು ಕೇಂದ್ರಕ್ಕೆ ಮಾರಿದ್ದೂ ಇದೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಕೊಂಡಿರಬಹುದು ಅಂತ 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೇಳಿತ್ತು. ಇವರೆಲ್ಲ ಇಷ್ಟಪಟ್ಟು ಮೋಸ ಮಾಡುತ್ತಿದ್ದಾರೆ ಅನ್ನೋಕಾಗುತ್ತಾ?

ಉತ್ತರ 3:
ಬೇಲಿ, ಕಾವಲು ಇರಲೇಬೇಕು ಅಂತಲೂ ಇಲ್ಲ. ನೈಜೀರಿಯಾದ ಎಡೊ ರಾಜ್ಯದಿಂದ ಲಿಬಿಯಾ ಮೂಲಕ ಇಟಲಿಗೆ ವೇಶ್ಯಾವಾಟಿಕೆಗೆಂದು ಸಾಗಿಸುವ ಹೆಣ್ಣುಮಕ್ಕಳಿಂದ ಹೊರಡುವ ಮೊದಲೇ ದೇವರ ಮುಂದೆ ಆಣೆ ಹಾಕಿಸುತ್ತಿದ್ದರು: ಕರೆದೊಯ್ದ ಖರ್ಚಿನ ಸಾಲ ತೀರಿಸುತ್ತೇನೆ, ಪೊಲೀಸರಿಗೆ ಹೇಳುವುದಿಲ್ಲ ಅಂತ. ಆಣೆ ಮುರಿದರೆ ಮನೆಯವರಿಗೆ ಕೇಡಾಗುತ್ತದೆ ಅನ್ನುವ ಭಯ ಇಟಲಿಯ ಬೀದಿಯಲ್ಲೂ ಬಾಯಿ ಕಟ್ಟುತ್ತಿತ್ತು. 2018ರಲ್ಲಿ ಅದೇ ಎಡೊ ರಾಜ್ಯದ ಬೆನಿನ್‌ನ ಸಾಂಪ್ರದಾಯಿಕ ಅರಸ (ಅವರನ್ನು ಒಬಾ ಅನ್ನುತ್ತಾರೆ) ಆ ಆಣೆಗಳನ್ನೆಲ್ಲ ರದ್ದು ಮಾಡಿದರು. ಯಾವ ಕಾನೂನಿಗಿಂತಲೂ ಅದು ಜಾಸ್ತಿ ಧೈರ್ಯ ಕೊಟ್ಟಿರುತ್ತದೆ ಅಂತ ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ಅರ್ಥವಾಯಿತು. ಆದರೆ ದಾಳಿ ಮಾಡಿದಾಗ ದಂಧೆಯವರೂ ನಾವೂ ಸಿಕ್ಕಿಬಿದ್ದವರೇ ಅನ್ನಬಹುದು, ಅಲ್ವಾ?

ಉತ್ತರ 1:
ಅನ್ನುತ್ತಾರೆ, ಅದಕ್ಕೇ ಒಬ್ಬೊಬ್ಬರನ್ನೂ ಕೂರಿಸಿ ಕೇಳಬೇಕು. ಪಾಸ್‌ಪೋರ್ಟ್ ಯಾರ ಹತ್ತಿರ ಇತ್ತು? ಹೊರಗೆ ಹೋಗಲು ಬಿಡುತ್ತಿದ್ದರಾ? ಬಂದ ದುಡ್ಡು ಯಾರ ಕೈಗೆ ಹೋಯಿತು? ಇದನ್ನೆಲ್ಲ ಕೇಳದೆ ವೀಸಾ ಮುಗಿದಿದೆ ಅಂತ ದಂಡ ಹಾಕಿ ಒಳಗೆ ಹಾಕಿದರೆ, ಒಳಗಿನ ಕಥೆ ಗೊತ್ತಿದ್ದ ಸಾಕ್ಷಿಯನ್ನೇ ಪೊಲೀಸರು ಕಳೆದುಕೊಳ್ಳುತ್ತಾರೆ.