1984ರ ಆಯ್ಕೆ: ಮನೆ ಗುಂಪಿನಲ್ಲಿ ಒಂದು ವಾಗ್ವಾದ

(ತಮ್ಮ ಹಾಕಿದ ಚಿತ್ರ: ‘ಎನ್‌ಬಿಎ ಡ್ರಾಫ್ಟ್‌ನ ಮಹಾ ದಡ್ಡತನಗಳು’. ಎನ್‌ಬಿಎ ಎಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್; ಡ್ರಾಫ್ಟ್‌ನಲ್ಲಿ ಅದರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಆಟಗಾರರನ್ನು ಆರಿಸುತ್ತವೆ.)

ಶಿವಮೊಗ್ಗ ಭಾವ: ಮೊದಲ ಹೆಸರೇ ಸಾಕು. ಮುಂದೆ ಆಟದ ದಂತಕಥೆಯಾದ ಮೈಕಲ್ ಜೋರ್ಡನ್ ಇನ್ನೂ ಉಳಿದಿರುವಾಗ ಪೋರ್ಟ್‌ಲ್ಯಾಂಡ್ ಎರಡನೆಯ ಸರದಿಯಲ್ಲಿ ಸ್ಯಾಮ್ ಬೋವಿಯನ್ನು ಆರಿಸಿತಂತೆ. ಕಣ್ಣಿಗೆ ಮಣ್ಣು ಬಿದ್ದಿತ್ತೇ?

ನಾನು: ಭಾವ, ಜೋರ್ಡನ್ ಆಡುವ ಜಾಗದಲ್ಲಿ ಅವರ ಬಳಿ ಕ್ಲೈಡ್ ಡ್ರೆಕ್ಸ್ಲರ್ ಆಗಲೇ ಇದ್ದರು. ಬೇಕಿದ್ದದ್ದು ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ. ಮೊದಲ ಸರದಿಯ ಹ್ಯೂಸ್ಟನ್ ಕೂಡ ಜೋರ್ಡನ್‌ರನ್ನು ಬಿಟ್ಟಿತು. ಅದು ಆರಿಸಿದ ಒಲಾಜುವಾನ್ 1994, 1995ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು, ಹಾಗಾಗಿ ಆ ತಂಡವನ್ನು ಯಾರೂ ಬೈಯುವುದಿಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ: ಅಡಿಕೆ ತೋಟದ ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವನು ಮರದ ಮೇಲಿನ ಗೊನೆ ನೋಡಿ ದರ ಹೇಳುತ್ತಾನೆ. ಕೊಳೆರೋಗ ಬಂದ ಮೇಲೆ ಅವನನ್ನು ದಡ್ಡ ಎನ್ನಲು ಎಲ್ಲರಿಗೂ ಬರುತ್ತದೆ, ಅಳಿಯಂದಿರೇ.

ಸಾಗರದ ಅತ್ತೆ: ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದಾರೋ ಇಲ್ಲವೋ ಎಂದು ವಿಚಾರಿಸದೆ ದರ ಹೇಳಿದರೆ ದಡ್ಡನೇ. ಬೋವಿ ಕಾಲಿನ ಮೂಳೆ ಮುರಿದುಕೊಂಡು ಕಾಲೇಜಿನಲ್ಲೇ ಎರಡು ಋತು ಆಡಿರಲಿಲ್ಲ.

ನಾನು: ಅತ್ತೆ ಹಿಡಿದದ್ದು ಸರಿಯಾದ ಎಳೆ. ಅದು ಅಂದೇ ಗೊತ್ತಿದ್ದ ವಿಷಯ. ಕೇಳುವುದಾದರೆ ಆ ಕಾಲಿನ ಬಗ್ಗೆ ಕೇಳಿ. ಜೋರ್ಡನ್ ಮುಂದೆ ಏನಾದರು ಎಂಬುದು ಆ ದಿನದ ಲೆಕ್ಕಕ್ಕೆ ಬರುವುದಿಲ್ಲ.

ತಮ್ಮ: ಅಳತೆಗಳನ್ನು ನಂಬಿದರೂ ಕಷ್ಟವೇ. 2007ರಲ್ಲಿ, ಮುಂದೆ ದೊಡ್ಡ ತಾರೆಯಾದ ಕೆವಿನ್ ಡುರಾಂಟ್ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಬೆಂಚಿನ ಮೇಲೆ ಮಲಗಿ 84 ಕಿಲೋ ಭಾರವನ್ನು ಒಮ್ಮೆಯೂ ಎತ್ತಲಿಲ್ಲ. ಮೊದಲ ಸ್ಥಾನ ಗ್ರೆಗ್ ಓಡೆನ್‌ಗೆ. ಆಗಲೂ ಪೋರ್ಟ್‌ಲ್ಯಾಂಡೇ! ಮೊಣಕಾಲು ಕೈಕೊಟ್ಟು ಓಡೆನ್ ಆಡಿದ್ದು ಒಟ್ಟು 105 ಪಂದ್ಯ.

ನಾನು: ಆದರೂ ಡುರಾಂಟ್ ಎರಡನೆಯವರಾಗಿಯೇ ಆಯ್ಕೆಯಾದರಲ್ಲ? ಭಾರ ಎತ್ತದ್ದಕ್ಕೆ ಅವರು ಇಪ್ಪತ್ತನೆಯ ಸ್ಥಾನಕ್ಕೇನೂ ಜಾರಲಿಲ್ಲ.

ಶಿವಮೊಗ್ಗ ಭಾವ: ಹಾಗಾದರೆ ನಿಕೋಲಾ ಯೋಕಿಚ್? 2014ರಲ್ಲಿ 41ನೆಯವರು, ಈಗ ಮೂರು ಸಲ ಎಂವಿಪಿ (ಋತುವಿನ ಅತ್ಯುತ್ತಮ ಆಟಗಾರ). ಡೆನ್ವರ್‌ನವರಿಗೆ ಮಾತ್ರ ಕಣ್ಣಿತ್ತು.

ನಾನು: ಅದೇ ರಾತ್ರಿ ಡೆನ್ವರ್ ಇನ್ನೊಬ್ಬ ಸೆಂಟರ್ ಯೂಸುಫ್ ನುರ್ಕಿಚ್‌ರನ್ನು ಮೊದಲ ಸುತ್ತಿನಲ್ಲೇ ಪಡೆಯಿತು. ಯೋಕಿಚ್ ಇಂಥವರೆಂದು ತಿಳಿದಿದ್ದರೆ ಎರಡನೆಯ ಸುತ್ತಿನವರೆಗೆ ಯಾರು ಕಾಯುತ್ತಾರೆ? ಆ ಮಟ್ಟಿಗೆ ಅವರಿಗೂ ಅದೃಷ್ಟ.

ಶಿವಮೊಗ್ಗ ಭಾವ: ಏನೇ ಹೇಳಿ, ನಾನಾಗಿದ್ದರೆ ಜೋರ್ಡನ್‌ರನ್ನೇ ಆರಿಸುತ್ತಿದ್ದೆ.

ಸಾಗರದ ಅತ್ತೆ: 1984ರಲ್ಲಿ ನೀವು ಬ್ಯಾಸ್ಕೆಟ್‌ಬಾಲ್ ನೋಡಿದ್ದಿರೇ, ಅಳಿಯಂದಿರೇ?

ಶಿವಮೊಗ್ಗ ಭಾವ: ಆಗ ನಾನು ಎರಡನೆಯ ತರಗತಿ. ಮುಂದಿನ ಚಿತ್ರ ಹಾಕಪ್ಪಾ.