ಟೆಕ್ಸಾಸಿನಲ್ಲಿ ಶಿರಸ್ತೇದಾರ್ ಮಾವ

ನವೆಂಬರ್ 2, 2025, ಭಾನುವಾರ. ಪ್ಲೇನೋದ ಮೂರ್ತಿ ಮನೆಯಲ್ಲಿ ರಾಜ್ಯೋತ್ಸವದ ಚಿತ್ರಾನ್ನ ಉಳಿದಿತ್ತು, ಖಾಲಿ ಮಾಡೋಕೆ ನಮ್ಮನ್ನ ಕರೆದಿದ್ದ. ಮಂಗಳವಾರ ಟೆಕ್ಸಾಸಿನಲ್ಲಿ ಮತದಾನ. ಕೂತಿದ್ದ ಆರು ಜನರಲ್ಲಿ ವೋಟಿದ್ದದ್ದು ಮೂರ್ತಿಗೊಬ್ಬನಿಗೇ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

"ರಾಜ್ಯದ ಸಂವಿಧಾನಕ್ಕೆ ಒಂದೇ ಸಲಕ್ಕೆ 17 ತಿದ್ದುಪಡಿ," ಅಂತ ಮೂರ್ತಿ ಮಾದರಿ ಮತಪತ್ರ ಹರಡಿದ.

ತುಮಕೂರು ಕೋರ್ಟಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅವನ ಮಾವ ಕನ್ನಡಕ ಏರಿಸಿದರು. "ಇಡೀ ಭಾರತದ ಸಂವಿಧಾನಕ್ಕೇ ಇಲ್ಲೀವರೆಗೆ 106 ಆಗಿರೋದು!"

"ಇಲ್ಲಿ 1876ರಿಂದ ಐನೂರು ದಾಟಿದೆ, ಮಾವ."

"ಇದೇನು ಸಂವಿಧಾನವೋ, ದಿನಸಿ ಚೀಟಿಯೋ?"

"ಐದನೆಯದು ಪಶು ಆಹಾರದ ತೆರಿಗೆ ವಿನಾಯಿತಿ. ನಮಗೆ ಬೇಕಾದ್ದು ಮೂರನೆಯದು, ಜಾಮೀನು."

ಜಾಮೀನು ಅಂದದ್ದೇ ಮಾವನವರು ತಟ್ಟೆ ಕೆಳಗಿಟ್ಟರು.

ರಮೇಶ ಶುರು ಮಾಡಿದ. "ಇಲ್ಲಿ ಮರಣದಂಡನೆ ಆಗಬಹುದಾದ ಕೇಸು, ಇನ್ನೊಂದೆರಡು ಸಂದರ್ಭ ಬಿಟ್ಟರೆ ಎಲ್ಲರಿಗೂ ಜಾಮೀನಿನ ಹಕ್ಕು. ಜಡ್ಜು ಮೊತ್ತ ಏರಿಸಬಹುದು, ಅಷ್ಟೇ. ಲಕ್ಷ ಡಾಲರ್ ಅಂದ್ರೂ ಬಾಂಡ್ ಏಜೆಂಟಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಕೊಟ್ರೆ ಅವನು ಹೊಣೆ ಹೊರ್ತಾನೆ. ಆ ಹತ್ತು ವಾಪಸ್ ಬರಲ್ಲ."

"ಇದನ್ನೆಲ್ಲ ಬೋರ್ಡ್ ಹಾಕ್ಕೊಂಡೇ ಮಾಡ್ತಾರಾ?"

"ಬಣ್ಣದ ಲೈಟು ಹಾಕ್ಕೊಂಡು. ರಾತ್ರಿಯೆಲ್ಲ."

"ಅಯ್ಯೋ! ನಮ್ಮಲ್ಲಿ ಜಾಮೀನುದಾರ ಪಹಣಿ, ಆಧಾರ್ ಹಿಡ್ಕೊಂಡು ಬರ್ಬೇಕು. ಅದೇ ಪಹಣಿ ಹಿಡಿದು ಇನ್ನೊಂದು ಕೇಸಿಗೂ ಬಂದ್ರೆ, 'ಏನಯ್ಯಾ, ಇವನೂ ನಿನ್ನ ಷಡ್ಡಕನಾ?' ಅಂತಿದ್ದೆ. ಅಲ್ಲಿ ಕದ್ದುಮುಚ್ಚಿ ಮಾಡೋ ಕಸುಬಿಗೆ ಇಲ್ಲಿ ಲೈಸೆನ್ಸು!"

ಮೂರ್ತಿ ವಿವರ ಓದಿದ. ಕೊಲೆ, ಗಂಭೀರ ಲೈಂಗಿಕ ಅಪರಾಧ, ಮಾನವ ಕಳ್ಳಸಾಗಣೆಯಂಥ ಕೆಲವು ಆರೋಪಗಳಲ್ಲಿ, ಹೊರಗೆ ಬಿಟ್ಟರೆ ಕೋರ್ಟಿಗೆ ಬರೋಲ್ಲ ಇಲ್ಲವೇ ಜನಕ್ಕೆ ಅಪಾಯ ಅಂತ ಸರ್ಕಾರಿ ವಕೀಲರು ತೋರಿಸಿಕೊಟ್ಟರೆ ಜಡ್ಜು ಜಾಮೀನು ನಿರಾಕರಿಸಲೇಬೇಕು. ಜಾಮೀನು ಕೊಟ್ಟರೆ ಕಾರಣ ಬರೆದು ಕೊಡಬೇಕು. ಆರೋಪಿಗೆ ವಕೀಲರಿರಬೇಕು.

"ಆರೋಪ ಬೇರೆ, ಅಪರಾಧ ಬೇರೆ," ಅಂದಳು ಸುಧಾ. "ತಿಂಗಳುಗಟ್ಟಲೆ ಒಳಗಿಟ್ಟು, ಆಮೇಲೆ 'ನೀನು ನಿರಪರಾಧಿ, ಹೋಗಪ್ಪ' ಅಂದ್ರೆ ಅವನ ನೌಕರಿ, ಮನೆ ಬಾಡಿಗೆ ಏನಾಗ್ಬೇಕು?"

"ಈಗ ದುಡ್ಡಿರೋ ಕೊಲೆ ಆರೋಪಿ ಮನೆಗೆ ಬರ್ತಾನಲ್ಲ, ಪಕ್ಕದ ಬೀದೀಲೇ ಸಾಕ್ಷಿ ಹೇಳೋಳು ಇರ್ತಾಳೆ. ಅವಳ ಪಾಡು?" ಅಂದ ರಮೇಶ.

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಹರಟೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ, ಹಾಗಾಗಿ ಕಡಲೆಬೀಜ ಆರಿಸುತ್ತಾ ಸುಮ್ಮನಿದ್ದೆ.

"1977ರಲ್ಲೇ ಜಸ್ಟಿಸ್ ಕೃಷ್ಣ ಅಯ್ಯರ್ ಜಾಮೀನೇ ನಿಯಮ, ಜೈಲು ಅಪವಾದ ಅಂದ್ರು," ಅಂದರು ಮಾವ ಹೆಮ್ಮೆಯಿಂದ.

"ಅಂದಮೇಲೂ ನಮ್ಮ ಜೈಲುಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರೇ ಅಲ್ವಾ, ಮಾವ?" ಸುಧಾ ಬಿಡಲಿಲ್ಲ.

ಮಾವ ಕೆಮ್ಮಿ ಮಾತು ತಿರುಗಿಸಿದರು. ತಿರುಗಿಸಿದ್ದು ಮಾತ್ರ ಸರಿಯಾದ ಕಡೆಗೇ. "ಅಂಗಡೀಲಿ ಚಿಲ್ಲರೆ ಕಳ್ಳತನ ಮಾಡಿ ಸಿಕ್ಕಿಬಿದ್ದೋನ ಹತ್ರ ಆ ನೂರಕ್ಕೆ ಹತ್ತೂ ಇಲ್ಲ ಅಂತಿಟ್ಕೊ. ಅವನ ಗತಿ?"

ಮೂರ್ತಿ ಹಾಳೆ ಹಿಂದೆ ಮುಂದೆ ತಿರುಗಿಸಿದ. "ಅವನ ಸುದ್ದಿ ಇದರಲ್ಲಿಲ್ಲ."

"ಹಾಗಾದ್ರೆ ಅವನು ಕೊಳೀತಾನೆ ಇರ್ಲಿ. ಲೈಟಿನ ಬೋರ್ಡೂ ಉರೀತಾ ಇರ್ಲಿ."

ಎಲ್ಲರೂ ಮೂರ್ತಿಯತ್ತ ತಿರುಗಿದೆವು. "ನೀನು ಮಂಗಳವಾರ ಏನು ಒತ್ತೀಯ?"

ಒಳಗಿಂದ ಗೀತಾ ಕೂಗಿದಳು: "ಅವರು ಹೋದ ವಾರವೇ ಅರ್ಲಿ ವೋಟಿಂಗಲ್ಲಿ ಹಾಕಿ ಬಂದಾಯ್ತು!"

"ಮತ್ತೆ ಇಷ್ಟೊತ್ತು ನಮ್ಮನ್ನ ಯಾಕಯ್ಯಾ ಕಿರುಚಾಡಿಸಿದೆ?"

"ಚಿತ್ರಾನ್ನ ಬಹಳ ಇತ್ತು ಕಣ್ರೋ," ಅಂದ ಮೂರ್ತಿ.